ಪೇಟೆಯ ಬಾಗಿಲಲ್ಲಿ ಮುಗಿಯುವ ಬಸ್ ಪಥ

ಧಾರವಾಡದ ಕಡೆಯಿಂದ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ ಪೇಟೆಗೆ ಬರುವವರಿಗೆಲ್ಲ ಚಿರಪರಿಚಿತವಾದ ಒಂದು ಅನುಭವವಿದೆ. ನವನಗರ, ಭೈರಿದೇವರಕೊಪ್ಪ, ಉಣಕಲ್ ಕೆರೆ, ವಿದ್ಯಾನಗರ ಒಂದರ ಬೆನ್ನಿಗೊಂದು ಹಿಂದೆ ಸರಿಯುತ್ತವೆ. ಪಕ್ಕದ ರಸ್ತೆಯಲ್ಲಿ ಕಾರು, ಲಾರಿ, ಟಂಟಂಗಳು ಹಾರ್ನ್ ಹೊಡೆಯುತ್ತ ನಿಂತಿದ್ದರೂ ಬಸ್ಸಿಗೆ ಅವುಗಳ ಗೊಡವೆಯಿಲ್ಲ. ಅದರ ದಾರಿ ಅದಕ್ಕೆ. ಆದರೆ ಹೊಸೂರು ದಾಟಿ ಹಳೆಯ ಪೇಟೆಯತ್ತ ಹೊರಳಿದ ಮೇಲೆ ಆ ರಾಜಮರ್ಯಾದೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಚನ್ನಮ್ಮ ವೃತ್ತ, ಮಹಾನಗರ ಪಾಲಿಕೆ, ಅಂಬೇಡ್ಕರ್ ವೃತ್ತಗಳನ್ನು ಹಾದು ಸಿಬಿಟಿ ತಲುಪುವವರೆಗೆ ಅದೂ ಎಲ್ಲರಂತೆ ಒಂದು ವಾಹನ. ಆಟೋದ ಹಿಂದೆ ನಿಲ್ಲಬೇಕು. ಸರಕು ಇಳಿಸುತ್ತಿರುವ ಟೆಂಪೋ ಸರಿಯುವವರೆಗೆ ಕಾಯಬೇಕು. ದಾರಿಯುದ್ದಕ್ಕೂ ಉಳಿಸಿಕೊಂಡು ಬಂದ ನಿಮಿಷಗಳನ್ನು ಕೊನೆಯ ಎರಡು ಮೂರು ಕಿಲೋಮೀಟರುಗಳಲ್ಲಿ ಚೆಲ್ಲಿ ಪ್ರಯಾಣಿಕನು ಪೇಟೆಯಲ್ಲಿ ಇಳಿಯುತ್ತಾನೆ.

ಆ ಪ್ರಯಾಣಿಕನು ನಮ್ಮ ಗಿರಾಕಿ. ಆತ ಕಳೆದುಕೊಂಡ ನಿಮಿಷಗಳು ನಮ್ಮ ವ್ಯಾಪಾರದ ನಿಮಿಷಗಳು. ಈ ಸರಳ ಸಂಗತಿಯನ್ನು ನಮ್ಮ ವರ್ತಕ ಸಮುದಾಯವು ಲೆಕ್ಕಕ್ಕೆ ಹಿಡಿದಿಲ್ಲವೆಂಬುದೇ ಈ ಲೇಖನ ಬರೆಯಲು ಕಾರಣ. ಬಸ್ಸಿನ ಪ್ರತ್ಯೇಕ ಪಥವನ್ನು ಪೇಟೆಯ ಹೊಸ್ತಿಲಲ್ಲಿ ನಿಲ್ಲಿಸದೆ ನಗರದ ಹೃದಯಭಾಗದ ಮೂಲಕ ಹಾಯಿಸಬೇಕು, ಮತ್ತು ಅದನ್ನು ಬೇಡುವವರಲ್ಲಿ ಪೇಟೆಯ ವರ್ತಕರೇ ಮೊದಲಿಗರಾಗಿರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಾಗೆ ಬೇಡುವಾಗ ನಾವು ಕೆಲವು ಷರತ್ತುಗಳನ್ನು ಹಾಕಬೇಕೆಂಬುದೂ ಅಷ್ಟೇ ಸ್ಪಷ್ಟ.

ಅರ್ಧ ಕೆಲಸ ಮಾಡುವ ಆಸ್ತಿ

ಹುಬ್ಬಳ್ಳಿ-ಧಾರವಾಡ ತ್ವರಿತ ಬಸ್ ಸಾರಿಗೆ ಯೋಜನೆಯ ಹಿನ್ನೆಲೆ ಬಹುತೇಕ ಸದಸ್ಯರಿಗೆ ತಿಳಿದದ್ದೇ. ವಿಶ್ವಬ್ಯಾಂಕಿನ ನೆರವಿನ ಸುಸ್ಥಿರ ನಗರ ಸಾರಿಗೆ ಕಾರ್ಯಕ್ರಮದಡಿ ಇದು ರೂಪುಗೊಂಡಿತು. 2012ರಲ್ಲಿ ಇದಕ್ಕಾಗಿಯೇ ಒಂದು ಕಂಪನಿ ಸ್ಥಾಪನೆಯಾಯಿತು. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕ ಸಂಚಾರ ಆರಂಭವಾಗಿ, 2020ರ ಫೆಬ್ರವರಿ 2ರಂದು ಅಂದಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಅವರಿಂದ ವಿಧ್ಯುಕ್ತ ಉದ್ಘಾಟನೆಯೂ ಆಯಿತು. ಅವಳಿ ನಗರಗಳ ನಡುವಿನ ಸುಮಾರು 22 ಕಿಲೋಮೀಟರ್ ಉದ್ದದ ಈ ಮಾರ್ಗಕ್ಕೆ 900 ಕೋಟಿ ರೂಪಾಯಿಗೂ ಮಿಕ್ಕಿ ಸಾರ್ವಜನಿಕ ಹಣ ವ್ಯಯವಾಗಿದೆ. ಬಸ್ಸಿನ ನೆಲದ ಮಟ್ಟಕ್ಕೆ ಎತ್ತರಿಸಿದ ನಿಲ್ದಾಣಗಳು, ಹತ್ತುವ ಮುನ್ನವೇ ಟಿಕೆಟ್ ಪಡೆಯುವ ವ್ಯವಸ್ಥೆ, ನಿಂತ ಬಸ್ಸನ್ನು ಹಿಂದಿನ ಬಸ್ಸು ದಾಟಿ ಹೋಗಲು ಹೆಚ್ಚುವರಿ ಪಥ ಇವೆಲ್ಲ ನಮ್ಮ ದೇಶದ ಅನೇಕ ದೊಡ್ಡ ನಗರಗಳಿಗೂ ದಕ್ಕದ ಸೌಕರ್ಯಗಳು.

ಇಷ್ಟು ಬಂಡವಾಳ ಹೂಡಿದ ಯಂತ್ರವೊಂದು ಕಾರ್ಖಾನೆಯಲ್ಲಿದ್ದು, ಅದರ ಕೊನೆಯ ಬೆಲ್ಟನ್ನು ಮಾತ್ರ ಜೋಡಿಸದೆ ಸರಕನ್ನು ಕೈಯಿಂದ ಸಾಗಿಸುತ್ತಿದ್ದರೆ, ಅದರ ಮಾಲೀಕರಿಗೆ ಲೆಕ್ಕಪರಿಶೋಧಕನಾಗಿ ನಾನು ಏನು ಹೇಳುತ್ತಿದ್ದೆ? ಹೂಡಿದ ಹಣವನ್ನು ಮರಳಿ ತೆಗೆಯಲಾಗದು. ಆದ್ದರಿಂದ ಈಗ ಕೇಳಬೇಕಾದ ಪ್ರಶ್ನೆ ಒಂದೇ: ಇನ್ನಷ್ಟು ಸ್ವಲ್ಪ ವೆಚ್ಚ ಮಾಡಿದರೆ ಇಡೀ ಯಂತ್ರದಿಂದ ಎಷ್ಟು ಹೆಚ್ಚು ಉತ್ಪಾದನೆ ಸಿಗುತ್ತದೆ? ಎಂದು ಹೇಳುತ್ತಿದ್ದೆ. ಬಸ್ ಪಥಕ್ಕೂ ಅದೇ ಪ್ರಶ್ನೆ ಅನ್ವಯಿಸುತ್ತದೆ.

ಒಂದು ಉದಾಹರಣೆ ಲೆಕ್ಕ ನೋಡೋಣ. ಅಂಕಿಗಳು ಕೇವಲ ವಿವರಣೆಗಾಗಿ, ತತ್ವವಷ್ಟೇ ಮುಖ್ಯ. ಒಂದು ಬಸ್ಸು ಹೋಗಿ ಬರುವ ಪೂರ್ಣ ಸುತ್ತಿಗೆ 120 ನಿಮಿಷ ಬೇಕೆಂದು, ಅದರಲ್ಲಿ 20 ನಿಮಿಷ ಪೇಟೆಯ ಇಕ್ಕಟ್ಟಿನಲ್ಲಿ ವ್ಯರ್ಥವಾಗುತ್ತದೆಂದು ಇಟ್ಟುಕೊಳ್ಳೋಣ. ಐದು ನಿಮಿಷಕ್ಕೊಂದರಂತೆ ಬಸ್ಸು ಓಡಿಸಲು 24 ಬಸ್ಸುಗಳು ಬೇಕು. ಆ 20 ನಿಮಿಷ ಉಳಿದರೆ ಸುತ್ತು 100 ನಿಮಿಷಕ್ಕೆ ಇಳಿದು, ಅದೇ ಸೇವೆಗೆ 20 ಬಸ್ಸುಗಳು ಸಾಕು. ಉಳಿದ ನಾಲ್ಕು ಬಸ್ಸುಗಳು, ಅವುಗಳ ಚಾಲಕರು, ಅವುಗಳ ಡೀಸೆಲ್ಲು ಇವೆಲ್ಲ ಗೋಕುಲ ರಸ್ತೆಗೋ ತಾರಿಹಾಳದ ಕೈಗಾರಿಕಾ ಪ್ರದೇಶಕ್ಕೋ ಹೊಸ ಸೇವೆಯಾಗಿ ಒದಗಬಹುದು. ಪೇಟೆಯಲ್ಲಿ ಬಸ್ಸು ನಿಂತಷ್ಟು ಹೊತ್ತು ಪ್ರಯಾಣಿಕನಷ್ಟೇ ಅಲ್ಲ, ಬಂಡವಾಳವೂ ನಿಂತಿರುತ್ತದೆ.

ಈ ಮಾತು ನಮ್ಮ ಓದುಗರಿಗೆ ಹೊಸದಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದು ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳು ಎತ್ತಿಹೋದಾಗ ನಾವು ಕಂಡುಕೊಂಡ ಪಾಠ ಇದೇ ಅಲ್ಲವೇ? ಅದಕ್ಕೆ ಮುಂಚೆ ಹೆದ್ದಾರಿ ಎಷ್ಟೇ ಅಗಲವಾಗಿದ್ದರೂ ಲಾರಿಯು ಗಡಿಯ ನಾಕಾದಲ್ಲಿ ರಾತ್ರಿ ಕಳೆಯುತ್ತಿತ್ತು. ನಾಕಾ ಹೋದ ಮೇಲೆಯೇ ಆ ಹೆದ್ದಾರಿಯ ಅಗಲಕ್ಕೆ ಅರ್ಥ ಬಂದದ್ದು. ನಮ್ಮ ಬಸ್ ಪಥಕ್ಕೆ ಪೇಟೆಯ ಇಕ್ಕಟ್ಟೇ ನಾಕಾ.

ವರ್ತಕರ ಭಯ ಮತ್ತು ನನ್ನ ತಪ್ಪೊಪ್ಪಿಗೆ

ಪೇಟೆಯ ವರ್ತಕರು ಬಸ್ ಪಥಕ್ಕೆ ಹೆದರುವುದು ಅಕಾರಣವಲ್ಲ. ಅಂಗಡಿಯ ಮುಂದೆ ವಾಹನ ನಿಲ್ಲಿಸಲಾಗದಿದ್ದರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ. ಸರಕು ಇಳಿಸಲು ಜಾಗವಿಲ್ಲದಿದ್ದರೆ ಹಮಾಲಿ ದುಬಾರಿಯಾಗುತ್ತದೆ. ಕಾಮಗಾರಿ ವರ್ಷಗಟ್ಟಲೆ ಎಳೆದರೆ ಹಬ್ಬದ ವ್ಯಾಪಾರವೇ ಮುಳುಗುತ್ತದೆ. ಚನ್ನಮ್ಮ ವೃತ್ತದ ಮೇಲ್ಸೇತುವೆ ಕಾಮಗಾರಿಗಾಗಿ 2025ರಲ್ಲಿ ಸುತ್ತಲಿನ ರಸ್ತೆಗಳನ್ನು ತಿಂಗಳುಗಟ್ಟಲೆ ಮುಚ್ಚಿದಾಗ ಪೇಟೆ ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಬೆಂದವನಿಗೆ ಬೆಂಕಿಯ ಮಾತು ಹಿತವಾಗಿ ಕೇಳಿಸದು.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕಿದೆ. ಹಲವು ವರ್ಷಗಳ ಹಿಂದೆ ಪೇಟೆಯ ರಸ್ತೆಗಳ ಅಗಲೀಕರಣ ಮತ್ತು ಬಸ್ ಪಥದ ಮಾತು ಎದ್ದಾಗ ನನ್ನ ಕೆಲವು ಕಕ್ಷಿದಾರರು ಒಟ್ಟಾಗಿ ಒಂದು ಆಕ್ಷೇಪಣಾ ಪತ್ರ ಸಲ್ಲಿಸಿದರು. ಅದರ ಕರಡು ಬರೆದವನು ನಾನೇ. ‘ವ್ಯಾಪಾರಕ್ಕೆ ಅಪಾರ ನಷ್ಟವಾಗುತ್ತದೆ’ ಎಂದು ಅದರಲ್ಲಿ ಮೂರು ಕಡೆ ಬರೆದಿದ್ದೆ. ಎಷ್ಟು ನಷ್ಟ, ಯಾರಿಗೆ ನಷ್ಟ, ಎಷ್ಟು ಕಾಲದವರೆಗೆ ನಷ್ಟ ಎಂಬುದಕ್ಕೆ ಒಂದಂಕಿಯೂ ಇರಲಿಲ್ಲ. ಅಂಥ ವಾಕ್ಯವನ್ನು ಯಾವುದೇ ಕಕ್ಷಿದಾರ ತನ್ನ ಲೆಕ್ಕಪತ್ರದಲ್ಲಿ ಬರೆದಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ. ‘ಆಧಾರ ಒದಗಿಸಿ’ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿ ಮರಳಿಸುತ್ತಿದ್ದೆ. ಆದರೆ ನನ್ನದೇ ವಾಕ್ಯಕ್ಕೆ ನಾನು ಆಧಾರ ಕೇಳಲಿಲ್ಲ.

ಈಚೆಗೆ, ಆ ಪತ್ರಕ್ಕೆ ಸಹಿ ಹಾಕಿದವರಲ್ಲಿ ಒಬ್ಬರಾದ ಜವಳಿ ವರ್ತಕರ ಗಲ್ಲೆಯ ಪಕ್ಕದಲ್ಲಿ ಕುಳಿತು ಹಳೆಯ ಮಾತು ತೆಗೆದೆ. ‘ನಿಮ್ಮಲ್ಲಿಗೆ ಬರುವ ಗಿರಾಕಿಗಳಲ್ಲಿ ಎಷ್ಟು ಜನ ಸ್ವಂತ ಗಾಡಿಯಲ್ಲಿ ಬರತಾರ್ರಿ?’ ಎಂದೆ. ‘ಬಹುತೇಕ ಎಲ್ಲಾರೂರಿ’ ಎಂದರು. ಹಾಗಾದರೆ ಮೂರು ದಿನ ಎಣಿಸಿ ನೋಡೋಣವೆಂದು ಇಬ್ಬರೂ ಒಪ್ಪಿದೆವು. ಬಿಲ್ಲು ಬರೆಯುವ ಹುಡುಗನು ಪ್ರತಿ ಗಿರಾಕಿಯನ್ನೂ ವಿನಯದಿಂದ ಕೇಳಿ ಚೀಟಿಯ ಹಿಂದೆ ಗುರುತು ಹಾಕಿದನು. ಮೂರನೆಯ ದಿನ ಸಂಜೆ ಕೂಡಿಸಿ ನೋಡಿದಾಗ ನಮ್ಮ ಊಹೆ ತಲೆಕೆಳಗಾಗಿತ್ತು. ಬಸ್ಸು ಇಳಿದು ನಡೆದು ಬಂದವರು ಮತ್ತು ಆಟೋದಲ್ಲಿ ಬಂದವರೇ ಸ್ವಂತ ವಾಹನದವರಿಗಿಂತ ಹೆಚ್ಚಿದ್ದರು. ಕುಂದಗೋಳ, ನವಲಗುಂದ, ಕಲಘಟಗಿಯ ಕಡೆಯಿಂದ ಮದುವೆಯ ಜವಳಿಗೆಂದು ಮನೆಮಂದಿಯೆಲ್ಲ ಕೂಡಿ ಬಂದವರಂತೂ ಬಸ್ಸನ್ನೇ ನೆಚ್ಚಿಕೊಂಡವರು. ದೊಡ್ಡ ಬಿಲ್ಲುಗಳೂ ಅವರವೇ ಆಗಿದ್ದವು.

ಹಾಗಾದರೆ ಅಂಗಡಿಯ ಮುಂದೆ ಸಾಲಾಗಿ ನಿಂತ ಬೈಕುಗಳು ಯಾರವು? ಬೆಳಿಗ್ಗೆ ಹತ್ತೂವರೆಗೆ ಹೊರಗೆ ಬಂದು ನೋಡಿದೆವು. ಒಂದು ಗಿರಾಕಿಯೂ ಒಳಗೆ ಬಾರದ ಹೊತ್ತಿನಲ್ಲೇ ಸಾಲು ತುಂಬಿತ್ತು. ಅವು ಅಕ್ಕಪಕ್ಕದ ಅಂಗಡಿಗಳ ಮಾಲೀಕರವು ಮತ್ತು ನೌಕರರವು. ಅವುಗಳಲ್ಲಿ ನಮ್ಮ ವರ್ತಕರದೂ ಒಂದಿತ್ತು. ಗಿರಾಕಿಗಾಗಿ ಕಾಪಾಡುತ್ತಿದ್ದೇವೆಂದು ನಾವು ಹೋರಾಡಿದ ಜಾಗವನ್ನು ರಾತ್ರಿ ಬಾಗಿಲು ಹಾಕುವವರೆಗೆ ನಾವೇ ಹಿಡಿದು ಕುಳಿತಿದ್ದೆವು.

ಒಂದು ಅಂಗಡಿಯ ಮೂರು ದಿನದ ಎಣಿಕೆಯಿಂದ ಇಡೀ ಊರಿನ ತೀರ್ಮಾನ ಮಾಡಲಾಗದು. ಬಂಗಾರದ ಅಂಗಡಿಯ ಲೆಕ್ಕ ಬೇರೆ, ಹಾರ್ಡ್‌ವೇರ್ ಅಂಗಡಿಯದು ಬೇರೆ. ಆದರೆ ಯುರೋಪಿನ ಹಲವು ನಗರಗಳಲ್ಲಿ ನಡೆದ ಸಮೀಕ್ಷೆಗಳಲ್ಲೂ ಇದೇ ಬಗೆಯ ಫಲ ಕಂಡಿದೆ. ವಾಹನದಲ್ಲಿ ಬರುವ ಗಿರಾಕಿಗಳ ಪ್ರಮಾಣವನ್ನು ಅಂಗಡಿಕಾರರು ಇರುವುದಕ್ಕಿಂತ ಹೆಚ್ಚೆಂದು ಊಹಿಸುತ್ತಾರೆ; ನಡೆದು ಬರುವವರನ್ನು ಕಡಿಮೆ ಎಣಿಸುತ್ತಾರೆ. ವಾಹನ ಕಣ್ಣಿಗೆ ಬೀಳುತ್ತದೆ, ನಡೆದು ಬಂದವನು ಬೀಳುವುದಿಲ್ಲ. ಪ್ರತಿಯೊಬ್ಬ ಸದಸ್ಯರೂ ತಮ್ಮ ಅಂಗಡಿಯಲ್ಲಿ ಒಂದು ವಾರ ಈ ಎಣಿಕೆ ಮಾಡಿ ನೋಡಬೇಕೆಂದು ನಾನು ವಿನಂತಿಸುತ್ತೇನೆ. ಖರ್ಚು ಒಂದು ಪೆನ್ನು ಮಾತ್ರ.

‘ಖಾಲಿ’ ಪಥದ ಲೆಕ್ಕ

ಪ್ರತ್ಯೇಕ ಪಥದ ಮೇಲೆ ಬರುವ ಇನ್ನೊಂದು ಆಕ್ಷೇಪ: ‘ಅದು ಸದಾ ಖಾಲಿ ಇರುತ್ತದೆ, ಪಕ್ಕದಲ್ಲಿ ನಾವು ಒದ್ದಾಡುತ್ತಿರುತ್ತೇವೆ.’ ನೋಡುವ ಕಣ್ಣಿಗೆ ಇದು ನಿಜ. ಆದರೆ ನಿಮಿಷಕ್ಕೊಂದರಂತೆ 60 ಜನರಿರುವ ಬಸ್ಸು ಹಾದುಹೋದರೆ, ಪ್ರತಿ ಬಸ್ಸೂ ನಮ್ಮ ಕಣ್ಣೆದುರು ಎರಡು ಮೂರು ಸೆಕೆಂಡು ಮಾತ್ರ ಇರುತ್ತದೆ. ಉಳಿದ 57 ಸೆಕೆಂಡು ಪಥ ಖಾಲಿ ಕಾಣುತ್ತದೆ. ಆ ‘ಖಾಲಿ’ ಪಥವು ಗಂಟೆಗೆ 3,600 ಜನರನ್ನು ಸಾಗಿಸಿರುತ್ತದೆ. ಅದೇ 3,600 ಜನ ಒಂದು ಕಾರಿಗೆ ಸರಾಸರಿ ಒಂದೂವರೆ ಜನರಂತೆ ಬಂದರೆ 2,400 ಕಾರುಗಳಾಗುತ್ತವೆ. ಸಿಗ್ನಲ್ಲು, ಅಡ್ಡರಸ್ತೆ, ಪಾದಚಾರಿಗಳಿರುವ ಪೇಟೆಯ ಒಂದು ಪಥದಲ್ಲಿ ಅಷ್ಟು ಕಾರುಗಳು ಒಂದು ಗಂಟೆಯಲ್ಲಿ ಹಾಯುವುದು ಅಸಾಧ್ಯ. ಹಾಯ್ದವೆಂದೇ ಇಟ್ಟುಕೊಂಡರೂ ಅವುಗಳನ್ನು ನಿಲ್ಲಿಸುವುದು ಎಲ್ಲಿ? ದುರ್ಗದಬೈಲಿನಲ್ಲಿಯೇ, ಕೊಪ್ಪಿಕರ್ ರಸ್ತೆಯಲ್ಲಿಯೇ? ಬಸ್ಸು ಗಿರಾಕಿಯನ್ನು ಇಳಿಸಿ ಮುಂದೆ ಹೋಗುತ್ತದೆ. ಕಾರು ಗಿರಾಕಿಯನ್ನು ಇಳಿಸಿ ಅಲ್ಲೇ ನಿಲ್ಲುತ್ತದೆ.

ತುಂಬಿ ತುಳುಕುವ ಪಥ ಕೆಲಸ ಮಾಡುತ್ತಿಲ್ಲವೆಂದೂ, ಖಾಲಿ ಕಾಣುವ ಪಥ ಕೆಲಸ ಮಾಡುತ್ತಿದೆಯೆಂದೂ ಅರ್ಥ. ಗೋದಾಮಿನಲ್ಲಿ ಸರಕು ರಾಶಿ ಬಿದ್ದಿದ್ದರೆ ವ್ಯಾಪಾರ ಜೋರಾಗಿದೆಯೆಂದು ಯಾವ ವರ್ತಕನೂ ಹೇಳುವುದಿಲ್ಲ.

ಬೇರೆ ಊರುಗಳ ಪಾಠ

ಬಸ್ ಪಥಗಳ ವಿಷಯದಲ್ಲಿ ನಮ್ಮ ದೇಶದ ಚರಿತ್ರೆ ಉತ್ಸಾಹ ತರುವಂಥದ್ದಲ್ಲ, ಅದನ್ನು ಮರೆಮಾಚುವುದು ಸರಿಯೂ ಅಲ್ಲ. ದೆಹಲಿಯಲ್ಲಿ ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ 5.8 ಕಿಲೋಮೀಟರ್ ಪಥ 2008ರಲ್ಲಿ ಆರಂಭವಾಯಿತು. ಅದರ ವಿರುದ್ಧದ ಅರ್ಜಿಯನ್ನು ದೆಹಲಿ ಹೈಕೋರ್ಟ್ 2012ರಲ್ಲಿ ವಜಾ ಮಾಡಿದರೂ, ಕೊನೆಗೆ ಸರ್ಕಾರವೇ 2016ರಲ್ಲಿ ಅದನ್ನು ಕಿತ್ತುಹಾಕಿತು. ಭೋಪಾಲದಲ್ಲಿ 24 ಕಿಲೋಮೀಟರ್ ಪಥವನ್ನು 2024ರಲ್ಲಿ ತೆಗೆಯಲಾರಂಭಿಸಿದರು. 2013ರಲ್ಲಿ ಆರಂಭವಾದ ಇಂದೋರಿನ ಸುಮಾರು 11.5 ಕಿಲೋಮೀಟರ್ ಪಥವನ್ನು ತೆರವುಗೊಳಿಸಲು 2025ರಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಒಪ್ಪಿಗೆ ನೀಡಿತು. ನಮ್ಮ ಬೆಂಗಳೂರಿನಲ್ಲೇ 2019ರಲ್ಲಿ ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್-ಕೆ.ಆರ್. ಪುರ ನಡುವೆ ತೆರೆದ ಬಸ್ ಆದ್ಯತಾ ಪಥವು ಮೆಟ್ರೋ ಕಾಮಗಾರಿಯ ನಡುವೆ ಕರಗಿಹೋಯಿತು.

ಇವುಗಳನ್ನು ಮುಂದಿಟ್ಟು ‘ನೋಡಿ, ಎಲ್ಲ ಕಡೆ ಸೋತಿದೆ’ ಎನ್ನುವವರಿದ್ದಾರೆ. ನನಗೆ ಕಾಣುವ ಪಾಠ ಬೇರೆ. ದೆಹಲಿಯ ಪಥ ಆರು ಕಿಲೋಮೀಟರೂ ಇಲ್ಲದ ಒಂದು ತುಂಡಾಗಿತ್ತು; ಪ್ರಯಾಣದ ಒಂದು ಭಾಗದಲ್ಲಷ್ಟೇ ಅನುಕೂಲ ಕೊಟ್ಟು ಉಳಿದೆಡೆ ಕೈಬಿಡುವ ಪಥಕ್ಕೆ ಬಳಕೆದಾರರ ಬಲವಾದ ಬೆಂಬಲ ಹುಟ್ಟುವುದಿಲ್ಲ. ಕಾರಿನವನ ಸಿಟ್ಟು ಗಟ್ಟಿಯಾಗಿ ಕೇಳಿಸುತ್ತದೆ, ಬಸ್ಸಿನವನ ಸಮಾಧಾನ ಕೇಳಿಸುವುದಿಲ್ಲ. ಬಸ್ಸಿನ ಪರವಾಗಿ ಮಾತಾಡಬಲ್ಲ ಸಂಘಟಿತ ವರ್ಗವೊಂದು ಊರಿನಲ್ಲಿ ಇರಬೇಕು. ವರ್ತಕರು ಆ ವರ್ಗವಾಗದಿದ್ದರೆ ಮತ್ತಾರು ಆಗಬೇಕು?

ಇನ್ನು ಪೇಟೆಯ ಮಧ್ಯದಲ್ಲೇ ಹಾದುಹೋಗಿ ಉಳಿದುಕೊಂಡ ಪಥಗಳನ್ನೂ ನೋಡಬೇಕು. ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 2000ದ ಡಿಸೆಂಬರಿನಲ್ಲಿ ಆರಂಭವಾದ ಬಸ್ ವ್ಯವಸ್ಥೆಯ ಒಂದು ಶಾಖೆ ಹಳೆಯ ಊರಿನ ಹಿಮೆನೆಸ್ ಬೀದಿಯಲ್ಲಿ ಹಾಯುತ್ತದೆ. ಅಲ್ಲಿ ಅವರು ಕಟ್ಟಡ ಕೆಡವಿ ಬೀದಿ ಹಿಗ್ಗಿಸಲಿಲ್ಲ. ಖಾಸಗಿ ವಾಹನಗಳನ್ನು ಹೊರಗಿಟ್ಟು ಬಸ್ಸಿಗೂ ನಡೆಯುವವರಿಗೂ ಬೀದಿಯನ್ನು ಹಂಚಿದರು. ಮೆಕ್ಸಿಕೋ ನಗರದಲ್ಲಿ 2012ರ ಏಪ್ರಿಲ್‌ನಲ್ಲಿ ಆರಂಭವಾದ ನಾಲ್ಕನೆಯ ಬಸ್ ಮಾರ್ಗವು ಶತಮಾನಗಳಷ್ಟು ಹಳೆಯ ಪೇಟೆಯ ಕಿರಿದಾದ ಬೀದಿಗಳಲ್ಲೇ ಸಾಗುತ್ತದೆ. ಅಲ್ಲಿ ರಸ್ತೆ ನಡುವೆ ಎತ್ತರದ ನಿಲ್ದಾಣ ಕಟ್ಟದೆ, ತಗ್ಗು ನೆಲದ ಬಸ್ಸು ತಂದು ಪಾದಚಾರಿ ಮಾರ್ಗದಿಂದಲೇ ಹತ್ತುವಂತೆ ಮಾಡಿದರು. ಬ್ರೆಜಿಲ್ಲಿನ ಕುರಿಚಿಬಾ ನಗರದಲ್ಲಿ 1972ರಲ್ಲಿ ಮೇಯರ್ ಜೈಮೆ ಲೆರ್ನರ್ ಅವರು ಮುಖ್ಯ ವ್ಯಾಪಾರಿ ಬೀದಿಯನ್ನು ವಾಹನಗಳಿಗೆ ಮುಚ್ಚಿದಾಗ ಅಲ್ಲಿನ ಅಂಗಡಿಕಾರರು ಪ್ರತಿಭಟಿಸಿದ್ದರು. ಗಿರಾಕಿಗಳು ಹೆಚ್ಚಿದ್ದನ್ನು ಕಂಡ ಬಳಿಕ ಅದನ್ನು ಇನ್ನೂ ಮುಂದಕ್ಕೆ ವಿಸ್ತರಿಸಬೇಕೆಂದು ಅವರೇ ಕೇಳಿದರು. ಪ್ರಪಂಚಕ್ಕೆ ಮಾದರಿಯೆನಿಸಿದ ಅದೇ ಊರಿನ ಬಸ್ ಪಥ ಆರಂಭವಾದದ್ದು 1974ರಲ್ಲಿ.

ಹುಬ್ಬಳ್ಳಿ ಬೊಗೊಟಾ ಅಲ್ಲ, ನಿಜ. ನಮ್ಮ ಬೀದಿಯ ದನ, ಕೈಗಾಡಿ, ಮೆರವಣಿಗೆ ಅಲ್ಲಿಲ್ಲ. ಆದರೆ ಕಿರಿದಾದ ಬೀದಿ ಎಂಬ ಒಂದೇ ಕಾರಣಕ್ಕೆ ಪಥ ಅಸಾಧ್ಯವೆನ್ನುವುದು ಸರಿಯಲ್ಲವೆಂದು ಈ ಊರುಗಳು ತೋರಿಸಿವೆ. ಬಸ್ಸಿಗೆ ಬೇಕಾದದ್ದು ಸುಮಾರು ಮೂರೂವರೆ ಮೀಟರ್ ಅಗಲ. ಹೋಗುವ ಬಸ್ಸು ಒಂದು ಬೀದಿಯಲ್ಲಿ, ಬರುವ ಬಸ್ಸು ಇನ್ನೊಂದರಲ್ಲಿ ಸಾಗುವಂತೆ ಮಾಡಿದರೆ ಆ ಅಗಲವನ್ನು ಗೋಡೆ ಒಡೆಯದೆಯೇ ಹೊಂದಿಸಬಹುದು.

ನಮ್ಮ ಷರತ್ತುಗಳು

ಬೆಂಬಲ ಕೊಡುವುದೆಂದರೆ ಖಾಲಿ ಚೆಕ್ಕಿಗೆ ಸಹಿ ಹಾಕುವುದಲ್ಲ. ಪಥ ಪೇಟೆಯೊಳಗೆ ಬರಬೇಕಾದರೆ ಕೆಳಗಿನ ವಿಷಯಗಳು ಲಿಖಿತವಾಗಿ, ಮುಂಚಿತವಾಗಿ ನಿರ್ಧಾರವಾಗಬೇಕು.

ಮೊದಲನೆಯದು, ಜಾಗವನ್ನು ವಾಹನಗಳಿಂದ ಪಡೆಯಬೇಕೇ ಹೊರತು ಅಂಗಡಿಗಳಿಂದಲ್ಲ. ಎಲ್ಲಿಯಾದರೂ ಮೂಲೆಯೊಂದನ್ನು ತೆಗೆಯಲೇಬೇಕಾದರೆ 2013ರ ಭೂಸ್ವಾಧೀನ ಕಾಯ್ದೆಯಂತೆ ನ್ಯಾಯಯುತ ಪರಿಹಾರ ದೊರೆಯಬೇಕು. ಆ ಕಾಯ್ದೆಯ 96ನೇ ಕಲಮಿನಂತೆ ಅದರಡಿಯ ಪರಿಹಾರಕ್ಕೆ ಆದಾಯ ತೆರಿಗೆಯ ವಿನಾಯಿತಿಯಿದೆಯೆಂಬುದನ್ನು 2016ರ 36ನೇ ಸುತ್ತೋಲೆಯಲ್ಲಿ ಕೇಂದ್ರೀಯ ನೇರ ತೆರಿಗೆಗಳ ಮಂಡಳಿಯೂ ಸ್ಪಷ್ಟಪಡಿಸಿದೆ. ಆದರೆ ಈ ರಕ್ಷಣೆ ಮುಖ್ಯವಾಗಿ ಮಾಲೀಕನಿಗೆ. ನಮ್ಮ ಪೇಟೆಯಲ್ಲಿ ಮೂರು ತಲೆಮಾರಿನಿಂದ ಅದೇ ಗಲ್ಲೆಯಲ್ಲಿ ಕುಳಿತ ಬಾಡಿಗೆದಾರರು ಅಸಂಖ್ಯ. ಅವರ ಹೆಸರು ಸಿ.ಟಿ.ಎಸ್. ಉತಾರದಲ್ಲಿ ಇರುವುದಿಲ್ಲ. ಅಂಗಡಿ ಅರ್ಧ ಹೋದರೆ ಮಾಲೀಕನಿಗೆ ಪರಿಹಾರ, ಬಾಡಿಗೆದಾರನಿಗೆ ಬೀದಿ ಎಂಬಂತಾಗಬಾರದು. ಅವನ ಲೆಕ್ಕಪತ್ರ ಮತ್ತು ತೆರಿಗೆ ವಿವರಗಳ ಆಧಾರದಲ್ಲಿ ವ್ಯಾಪಾರ ನಷ್ಟಕ್ಕೆ ಪ್ರತ್ಯೇಕ ಪರಿಹಾರವಿರಬೇಕು.

ಎರಡನೆಯದು, ಸರಕಿನ ವ್ಯವಸ್ಥೆ. ಹಗಲಿನಲ್ಲಿ ಅಡ್ಡರಸ್ತೆಗಳಲ್ಲಿ ಗುರುತು ಮಾಡಿದ ತಾಣಗಳಲ್ಲಿ ಸರಕು ಇಳಿಸಬೇಕು. ಬಸ್ಸು ವಿರಳವಾಗುವ ರಾತ್ರಿಯಿಂದ ಬೆಳಗಿನ ಜಾವದವರೆಗೆ ಅಂಗಡಿಯ ಮುಂದೆಯೇ ಟೆಂಪೋ ನಿಲ್ಲಿಸಲು ಅವಕಾಶವಿರಬೇಕು. ಹಮಾಲರ ಸಂಘಗಳೊಡನೆ ಮಾತಾಡದೆ ಈ ವೇಳಾಪಟ್ಟಿ ಮಾಡಿದರೆ ಅದು ಕಾಗದದ ಮೇಲೆಯೇ ಉಳಿಯುತ್ತದೆ.

ಮೂರನೆಯದು, ಕಾಮಗಾರಿ ತುಂಡುತುಂಡಾಗಿ ಸಾಗಬೇಕು. ಒಂದು ತುಂಡು ಮುಗಿದು ಸಂಚಾರಕ್ಕೆ ತೆರೆದ ಮೇಲೆಯೇ ಮುಂದಿನದನ್ನು ಅಗೆಯಬೇಕು. ಗಣೇಶ ಚತುರ್ಥಿಯಿಂದ ದೀಪಾವಳಿಯವರೆಗೆ ಅಗೆತ ಕೂಡದು. ತಡವಾದ ಪ್ರತಿ ದಿನಕ್ಕೂ ಗುತ್ತಿಗೆದಾರನಿಂದ ದಂಡ ವಸೂಲಾಗಿ, ಅದು ಆ ಬೀದಿಯ ವರ್ತಕರ ಪರಿಹಾರ ನಿಧಿಗೆ ಸೇರಬೇಕು.

ನಾಲ್ಕನೆಯದು, ಮಳೆನೀರು. ಧಾರವಾಡದ ಟೋಲ್ ನಾಕಾ ಬಳಿ ಬಸ್ ಮಾರ್ಗದಲ್ಲಿ ಮಳೆನೀರು ನಿಲ್ಲುವುದು ವರ್ಷಗಳ ಕಾಲ ಸುದ್ದಿಯಾಯಿತು. ಪೇಟೆಯಲ್ಲಿ ಅಂಥ ತಪ್ಪಾದರೆ ನೀರು ನಿಲ್ಲುವುದು ರಸ್ತೆಯಲ್ಲಲ್ಲ, ಅಂಗಡಿಯ ನೆಲಮಾಳಿಗೆಯಲ್ಲಿ. ಆದ್ದರಿಂದ ಚರಂಡಿಯ ನಕ್ಷೆ ಮೊದಲು, ಪಥದ ನಕ್ಷೆ ಆಮೇಲೆ.

ಐದನೆಯದು, ಪಥದ ಶಿಸ್ತು. ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನಗಳಿಗೆ ಪಥ ಸದಾ ತೆರೆದಿರಬೇಕು. ಸಾಮಾನ್ಯ ನಗರ ಸಾರಿಗೆ ಬಸ್ಸುಗಳಿಗೂ ಪೇಟೆಯ ಭಾಗದಲ್ಲಿ ಅವಕಾಶವಿದ್ದರೆ ಒಳ್ಳೆಯದು. ಉಳಿದವರಿಗೆ, ಅವರು ಎಷ್ಟೇ ದೊಡ್ಡವರಾಗಲಿ, ಪ್ರವೇಶ ಕೂಡದು. ದೊಡ್ಡವರ ಕಾರಿಗೆ ಒಮ್ಮೆ ದಾರಿ ಬಿಟ್ಟ ಪಥವು ಮರುದಿನ ಎಲ್ಲರ ಪಥವಾಗುತ್ತದೆ.

ಆರನೆಯದು ನನ್ನ ವೃತ್ತಿಗೆ ಹತ್ತಿರವಾದದ್ದು. ಪೇಟೆಯೊಳಗೆ ಬಸ್ಸಿನ ಸರಾಸರಿ ವೇಗ, ಪ್ರಯಾಣಿಕರ ಸಂಖ್ಯೆ, ಮಾರ್ಗದ ಆದಾಯ ಮತ್ತು ವೆಚ್ಚ ಇವುಗಳನ್ನು ಪ್ರತಿ ತಿಂಗಳೂ ಬಹಿರಂಗವಾಗಿ ಪ್ರಕಟಿಸಬೇಕು. ಪಥ ಫಲ ಕೊಡದಿದ್ದರೆ ಅದೂ ನಮಗೆ ತಿಳಿಯಲಿ.

ಕೊನೆಯದಾಗಿ

ಈಚಿನ ವರ್ಷಗಳಲ್ಲಿ ಬಸ್ಸಿನ ಬದಲು ಲಘು ರೈಲು ಅಥವಾ ವಿದ್ಯುತ್ ಚಾಲಿತ ಕ್ಷಿಪ್ರ ಸಾರಿಗೆ ತರಬೇಕೆಂಬ ಸಲಹೆಗಳೂ, ಇರುವ ಪಥವನ್ನೇ ಎಲ್ಲ ವಾಹನಗಳಿಗೆ ತೆರೆದುಬಿಡಬೇಕೆಂಬ ಒತ್ತಾಯವೂ ಕೇಳಿಬಂದಿವೆ. ಗಾಲಿ ರಬ್ಬರಿನದಾಗಲಿ, ಉಕ್ಕಿನದಾಗಲಿ, ಪ್ರಶ್ನೆ ಬದಲಾಗುವುದಿಲ್ಲ. ಪೇಟೆಯ ರಸ್ತೆಯಲ್ಲಿ ನೂರಾರು ಜನರನ್ನು ಹೊತ್ತ ವಾಹನಕ್ಕೆ ಮೊದಲ ಹಕ್ಕೋ, ಒಬ್ಬನನ್ನು ಹೊತ್ತ ವಾಹನಕ್ಕೋ ಎಂಬುದನ್ನು ನಾವು ತೀರ್ಮಾನಿಸದಿದ್ದರೆ ಎಷ್ಟೇ ಬೆಲೆಯ ವಾಹನ ತಂದರೂ ಅದು ಅಂಬೇಡ್ಕರ್ ವೃತ್ತದಲ್ಲಿ ಆಟೋದ ಹಿಂದೆಯೇ ನಿಲ್ಲುತ್ತದೆ.

ಕಾಲವೂ ನಮಗಾಗಿ ಕಾಯುವುದಿಲ್ಲ. ಹೆದ್ದಾರಿಯ ಬದಿಯಲ್ಲಿ, ವಿಶಾಲವಾದ ವಾಹನ ನಿಲುಗಡೆಯೊಡನೆ ದೊಡ್ಡ ಮಳಿಗೆಗಳು ಏಳುತ್ತಿವೆ; ಮೊಬೈಲಿನಲ್ಲಿ ಕೊಂಡ ಸರಕು ಮನೆ ಬಾಗಿಲಿಗೇ ಬರುತ್ತಿದೆ. ಕಾರು ನಿಲ್ಲಿಸುವ ಜಾಗದ ಪಂದ್ಯದಲ್ಲಿ ಹಳೆಯ ಪೇಟೆ ಅವುಗಳನ್ನು ಎಂದೂ ಗೆಲ್ಲಲಾರದು. ಹಳೆಯ ಪೇಟೆಯ ಬಲ ಬೇರೆಯದು: ಒಂದು ಸಲ ಇಳಿದರೆ ಜವಳಿ, ಪಾತ್ರೆ, ಬಂಗಾರ, ಕಿರಾಣಿ, ಬಳೆ ಎಲ್ಲವೂ ನಡೆಯುವ ಅಂತರದಲ್ಲಿ ಸಿಗುವುದು. ಆ ಬಲ ಉಳಿಯಬೇಕಾದರೆ ಜನ ಸುಲಭವಾಗಿ ಬಂದಿಳಿಯಬೇಕು.

ಆದ್ದರಿಂದ ನಮ್ಮ ಸಂಸ್ಥೆಯು ಈ ವಿಷಯಕ್ಕೆ ಒಂದು ಉಪಸಮಿತಿಯನ್ನು ರಚಿಸಿ, ಪೇಟೆಯ ಅಂಗಡಿಗಳಲ್ಲಿ ಗಿರಾಕಿಗಳ ಎಣಿಕೆಯನ್ನು ಶಿಸ್ತಿನಿಂದ ನಡೆಸಿ, ಮೇಲಿನ ಷರತ್ತುಗಳೊಡನೆ ಒಂದು ಮನವಿಯನ್ನು ಪಾಲಿಕೆಗೂ ಸರ್ಕಾರಕ್ಕೂ ಸಲ್ಲಿಸಬೇಕೆಂದು ನಾನು ಕೋರುತ್ತೇನೆ. ಆ ಮನವಿಯ ಕರಡನ್ನು ಬರೆಯುವ ಹೊಣೆಯನ್ನು ನನಗೇ ಒಪ್ಪಿಸಿದರೆ ಸಂತೋಷ. ಹಿಂದೆ ಆಧಾರವಿಲ್ಲದೆ ಬರೆದ ಮೂರು ವಾಕ್ಯಗಳ ಬಾಕಿ ನನ್ನ ಲೆಕ್ಕದಲ್ಲಿ ಉಳಿದಿದೆ. ಈ ಸಲ ಪ್ರತಿ ವಾಕ್ಯದ ಪಕ್ಕದಲ್ಲೂ ಅಂಕಿಯಿರುತ್ತದೆ.